ತಿಯಾನನ್ಮೆನ್ ಗುಂಡೇಟು: ಜಗತ್ತು ಮಾಡಿದ್ದೇನು?

ಕ್ಯುಪರ್ಟಿನೋದಲ್ಲಿ ನನ್ನ ತಮ್ಮನ ಪಕ್ಕದ ಮನೆಯವರು ಚೀನಾದವರು. 1989ರಲ್ಲಿ ಅಮೆರಿಕದಲ್ಲಿ ಓದುತ್ತಿದ್ದರಂತೆ. ಆ ವರ್ಷ ಜೂನ್ 3-4ರ ರಾತ್ರಿ ಬೀಜಿಂಗ್‌ನಲ್ಲಿ ಪ್ರಜಾಪ್ರಭುತ್ವ ಕೇಳಿದವರ ಮೇಲೆ ಸೇನೆ ಗುಂಡು ಹಾರಿಸಿತು.

ಜಗತ್ತು ಏನು ಮಾಡಿತು? ಅಮೆರಿಕ, ಯುರೋಪ್ ಶಸ್ತ್ರ ಮಾರಾಟ ನಿಲ್ಲಿಸಿದವು. ಆ ನಿಷೇಧ ಇವತ್ತಿಗೂ ಇದೆ. ವಿಶ್ವಬ್ಯಾಂಕ್ ಹೊಸ ಸಾಲ ತಡೆಹಿಡಿಯಿತು, ಸ್ವಲ್ಪ ಕಾಲದಲ್ಲೇ ಮತ್ತೆ ಕೊಟ್ಟಿತು. ವ್ಯಾಪಾರವಂತೂ ಬೆಳೆಯುತ್ತಲೇ ಹೋಯಿತು.

ವಿದ್ಯಾರ್ಥಿಗಳನ್ನು ಕಾಪಾಡಿದ್ದು ವೀಸಾ. ಸ್ಯಾನ್ ಫ್ರಾನ್ಸಿಸ್ಕೋ ಸಂಸದೆ ನ್ಯಾನ್ಸಿ ಪೆಲೋಸಿ 1989ರಲ್ಲೇ ಮಸೂದೆ ತಂದರು. ಅಧ್ಯಕ್ಷ ಬುಷ್ ಅದನ್ನು ತಡೆದರೂ ಬೇರೆ ಆದೇಶದಿಂದ ರಕ್ಷಣೆ ಕೊಟ್ಟರು. ಕೊನೆಗೆ 1992ರ ಕಾಯ್ದೆಯಿಂದ 50 ಸಾವಿರಕ್ಕೂ ಹೆಚ್ಚು ಚೀನೀಯರಿಗೆ ಗ್ರೀನ್ ಕಾರ್ಡ್ ಸಿಕ್ಕಿತು.

ವೀಸಾ ಮುಗಿಯೋ ದಿನ ಎಣಿಸುವ ನಮಗೆ ಅರ್ಥವಾಗುತ್ತೆ: ಊರಿಗೆ ಹೋಗಲಾರದವನಿಗೆ ನೂರು ಖಂಡನೆಗಿಂತ ಒಂದು ಮುದ್ರೆ ದೊಡ್ಡದು.