ದಿಡ್ಡಿಬಾಗಿಲಲ್ಲೇ ತಡೆದ ತಪ್ಪು

ಮಧುಗಿರಿ ಬೆಟ್ಟ ಹತ್ತಿದವರಿಗೆ ಗೊತ್ತು, ಅಲ್ಲಿನ ಕೋಟೆಗೆ ಒಂದೇ ಬಾಗಿಲಲ್ಲ. ಅಂತರಾಳದ ಬಾಗಿಲು, ದಿಡ್ಡಿಬಾಗಿಲು, ಮೈಸೂರು ಬಾಗಿಲು ಹೀಗೆ ಹಲವು. ಒಳಗೆ ನುಗ್ಗಿದ ಶತ್ರುವನ್ನು ಹುಡುಕಿ ಹೊರಗಟ್ಟುವುದಕ್ಕಿಂತ ಬಾಗಿಲಲ್ಲೇ ತಡೆಯುವುದು ಸುಲಭ ಎಂಬುದು ಕೋಟೆ ಕಟ್ಟಿದವರ ಲೆಕ್ಕಾಚಾರ. ಕಂಪ್ಯೂಟರ್ ಕ್ರಮವಿಧಿ (ಪ್ರೋಗ್ರಾಂ) ಬರೆಯುವವರದೂ ಇಂದು ಇದೇ ಲೆಕ್ಕಾಚಾರ. ಅವರ ಕೋಟೆ ಎಂದರೆ ಕ್ರಮವಿಧಿಗಳ ಉಗ್ರಾಣ. ಶತ್ರು ಎಂದರೆ ತಪ್ಪು.

ಅಳಿಸಲಾಗದ ಶಾಯಿ

ದೊಡ್ಡ ಕ್ರಮವಿಧಿಯನ್ನು ಒಬ್ಬರೇ ಬರೆಯುವುದು ಅಪರೂಪ. ಹತ್ತಾರು ಜನ ಒಂದೇ ಕಡತವನ್ನು ತಿದ್ದುತ್ತಾರೆ. ಯಾರು, ಯಾವಾಗ, ಏನನ್ನು ಬದಲಿಸಿದರು ಎಂಬ ಲೆಕ್ಕ ಇಡಲು ಒಂದು ವ್ಯವಸ್ಥೆ ಬೇಡವೇ? ಅಂಥ ವ್ಯವಸ್ಥೆಗಳಲ್ಲಿ ಹೆಸರಾದದ್ದು 'ಗಿಟ್'. ಲಿನಕ್ಸ್‌ನ ಜನಕ ಲಿನಸ್ ಟೋರ್ವಾಲ್ಡ್ಸ್ 2005ರ ಏಪ್ರಿಲ್‌ನಲ್ಲಿ ಇದನ್ನು ರಚಿಸಿದರು. ಇದರಲ್ಲಿ ಮಾಡುವ ಪ್ರತಿಯೊಂದು ನಮೂದಿಗೂ 'ಕಮಿಟ್' ಎಂದು ಹೆಸರು.

ಶಾಲೆಯ ದಾಖಲಾತಿ ಪುಸ್ತಕವನ್ನು ನೆನಪಿಸಿಕೊಳ್ಳಿ. ಶಾಯಿಯಲ್ಲಿ ಬರೆದದ್ದನ್ನು ಹೊಡೆದು ಪಕ್ಕದಲ್ಲಿ ಸರಿಯಾದುದನ್ನು ಬರೆಯಬಹುದು. ಹಳೆಯದು ಮಾತ್ರ ಕಾಣುತ್ತಲೇ ಇರುತ್ತದೆ. ಗಿಟ್ ಕೂಡ ಹಾಗೆಯೇ. ಗುಪ್ತಪದವೊಂದನ್ನು ಮರೆತು ಸೇರಿಸಿ ಮರುದಿನ ಅಳಿಸಿದರೂ ಹಿಂದಿನ ಪುಟದಲ್ಲಿ ಅದು ಉಳಿದೇ ಇರುತ್ತದೆ. 2016ರಲ್ಲಿ ಊಬರ್ ಕಂಪನಿಯ ಉಗ್ರಾಣಕ್ಕೆ ಕನ್ನ ಹಾಕಿದವರಿಗೆ ಕ್ರಮವಿಧಿಯೊಳಗೆ ಬರೆದಿಟ್ಟಿದ್ದ ಕೀಲಿಯೇ ಸಿಕ್ಕಿತು. ಅದರಿಂದ ಸುಮಾರು 5.7 ಕೋಟಿ ಜನರ ವಿವರ ಕಳ್ಳರ ಪಾಲಾಯಿತು.

ಸೊನ್ನೆ ಬಂದರೆ ಪಾಸು!

ಇಂಥ ತಪ್ಪನ್ನು ಬಾಗಿಲಲ್ಲೇ ಹಿಡಿಯಲು ಗಿಟ್‌ನಲ್ಲಿ 'ಹುಕ್', ಅಂದರೆ ಕೊಕ್ಕೆ, ಇದೆ. ನಮೂದು ಮಾಡುವ ಮೊದಲು ಗಿಟ್ ತನ್ನ ಹುಕ್ಸ್ ಕೋಶದಲ್ಲಿ 'ಪ್ರಿ-ಕಮಿಟ್' ಎಂಬ ಕಡತವಿದೆಯೇ ಎಂದು ನೋಡುತ್ತದೆ. ಇದ್ದರೆ ಅದನ್ನು ಓಡಿಸುತ್ತದೆ. ಅದು 0 ಎಂದು ಉತ್ತರಿಸಿದರೆ ನಮೂದಿಗೆ ಒಪ್ಪಿಗೆ; ಬೇರೆ ಯಾವ ಅಂಕಿ ಬಂದರೂ ತಡೆ. ಸೊನ್ನೆ ಪಡೆದವರು ಪಾಸಾಗುವ ಪರೀಕ್ಷೆ ಇದೊಂದೇ ಇರಬೇಕು!

ಏನನ್ನು ಪರೀಕ್ಷಿಸಬೇಕೆಂಬುದು ಬರೆಯುವವರಿಗೆ ಬಿಟ್ಟದ್ದು. ಒಂದು ಉದಾಹರಣೆ ನೋಡೋಣ. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಈ ನಾಲ್ಕು ತಾಲ್ಲೂಕುಗಳ 2024ರ ಎಸ್.ಎಸ್.ಎಲ್.ಸಿ. ಫಲಿತಾಂಶವನ್ನು ಲೆಕ್ಕ ಹಾಕಲು ವಿದ್ಯಾರ್ಥಿಗಳ ಗುಂಪೊಂದು ಕ್ರಮವಿಧಿ ಬರೆಯುತ್ತಿದೆ ಎಂದುಕೊಳ್ಳಿ. ಆ ವರ್ಷ ಒಟ್ಟು ಅಂಕ 625. ಗುಂಪಿನಲ್ಲೊಬ್ಬರು ಕೈತಪ್ಪಿ 600 ಎಂದು ಬೆರಳಚ್ಚು ಮಾಡಿದರು. 560 ಅಂಕ ಪಡೆದವರ ಶೇಕಡಾ 89.6ರ ಬದಲು 93.33 ಆಗುತ್ತದೆ. ನೋಡಿದವರಿಗೆ ಅನುಮಾನವೇ ಬಾರದು. ಆದರೆ ಕಾಲೇಜು ಸೀಟಿನ ಪಟ್ಟಿ ತಲೆಕೆಳಗಾಗಲು ಅಷ್ಟು ಸಾಕು.

ಇದನ್ನು ಹಿಡಿಯುವ ಪರೀಕ್ಷೆ ಯಾವುದು? 0 ಅಂಕಕ್ಕೆ ಶೇಕಡಾ 0 ಬರುತ್ತದೆಯೇ ಎಂದು ಕೇಳಿದರೆ ಪ್ರಯೋಜನವಿಲ್ಲ. ಸೊನ್ನೆಯನ್ನು 600ರಿಂದ ಭಾಗಿಸಿದರೂ ಸೊನ್ನೆಯೇ! 625ಕ್ಕೆ ಸರಿಯಾಗಿ 100 ಬರುತ್ತದೆಯೇ ಎಂದು ಕೇಳಿ, 104.17 ಎಂಬ ಉತ್ತರ ಬಂದೊಡನೆ ಕೊಕ್ಕೆ ಬೀಳುತ್ತದೆ. ಪ್ರಯೋಗಶಾಲೆಯಂತೆ ಇಲ್ಲಿಯೂ ಸರಿಯಾದ ಪ್ರಶ್ನೆಯನ್ನು ಆರಿಸುವುದೇ ಜಾಣತನ.

ಇನ್ನೊಂದು ತೊಡಕು: ಕೆಲವರು 'ಸಿರಾ' ಎಂದೂ ಕೆಲವರು 'ಶಿರಾ' ಎಂದೂ ಬರೆಯುತ್ತಾರೆ. ನಮಗೆ ಊರು ಒಂದೇ, ಯಂತ್ರಕ್ಕೆ ಎರಡು. ನಾಲ್ಕು ತಾಲ್ಲೂಕು ಐದಾಗಿಬಿಡುತ್ತದೆ! ಒಪ್ಪಿದ ನಾಲ್ಕು ಹೆಸರುಗಳನ್ನು ಬಿಟ್ಟು ಬೇರೆ ಬಂದರೆ ತಡೆ ಎಂದು ಬರೆದಿಟ್ಟರೆ ಗೊಂದಲವಿಲ್ಲ.

ಕಣ್ಣಿಗೆ ಕಾಣದ್ದು

ಅನುಭವಿಗಳಿಗೆ ಇದೆಲ್ಲ ಏಕೆ ಎನ್ನಬಹುದು. 2014ರ ಫೆಬ್ರವರಿಯಲ್ಲಿ ಆ್ಯಪಲ್ ಕಂಪನಿ ತನ್ನ ಫೋನುಗಳ ತಂತ್ರಾಂಶವನ್ನು ತುರ್ತಾಗಿ ತಿದ್ದಬೇಕಾಯಿತು. ಕ್ರಮವಿಧಿಯ ಒಂದು ಸಾಲು ಎರಡು ಬಾರಿ ಸೇರಿಬಿಟ್ಟಿತ್ತು. ಅದರಿಂದಾಗಿ, ಜಾಲದಲ್ಲಿ ಎದುರಿಗಿರುವವರು ನಂಬಿಗಸ್ತರೇ ಎಂದು ನೋಡುವ ಮುಖ್ಯ ಹಂತವನ್ನು ಯಂತ್ರ ಹಾರಿ ಹೋಗುತ್ತಿತ್ತು. ಎಂದೂ ತಲುಪಲಾಗದ ಸಾಲುಗಳನ್ನು ಪತ್ತೆ ಮಾಡುವ ಪರೀಕ್ಷೆ ಇಂಥದ್ದನ್ನು ಕ್ಷಣದಲ್ಲಿ ತೋರಿಸಬಲ್ಲದು. ದಣಿದ ಕಣ್ಣು ತಪ್ಪಬಹುದು, ಯಂತ್ರಕ್ಕೆ ದಣಿವಿಲ್ಲ.

ಆದರೆ ಈ ಕಾವಲಿಗೂ ಮಿತಿಗಳಿವೆ. ಅವಸರದವರು ಒಂದು ಆಜ್ಞೆಯಿಂದ ಕೊಕ್ಕೆಯನ್ನು ದಾಟಿ ಹೋಗಬಹುದು. ಉಗ್ರಾಣದ ಪ್ರತಿ ತೆಗೆದುಕೊಂಡವರಿಗೆ ಕೊಕ್ಕೆ ತಾನಾಗಿ ಸಿಗುವುದಿಲ್ಲ. ಪ್ರತಿಯೊಬ್ಬರೂ ತಮ್ಮ ಗಣಕದಲ್ಲಿ ಅಳವಡಿಸಿಕೊಳ್ಳಬೇಕು. ಆದ್ದರಿಂದಲೇ ಮುಖ್ಯ ಗಣಕದಲ್ಲಿ ಮತ್ತೊಮ್ಮೆ ಪರೀಕ್ಷೆ ನಡೆಸುವುದು ರೂಢಿ. ದಿಡ್ಡಿಬಾಗಿಲು ದಾಟಿದವನಿಗೆ ಮುಂದೆ ಮತ್ತೊಂದು ಬಾಗಿಲು! ಪರೀಕ್ಷೆ ಕೆಲವೇ ಸೆಕೆಂಡುಗಳಲ್ಲಿ ಮುಗಿಯುವಂತಿರಬೇಕು. ಕಾಯಿಸುವ ಕಾವಲುಗಾರನನ್ನು ಜನ ತಪ್ಪಿಸಿಕೊಂಡು ಹೋಗುತ್ತಾರೆ.

ನೀವೇ ಮಾಡಿ ನೋಡಿ

ಗಿಟ್ ಉಚಿತ ತಂತ್ರಾಂಶ. ಪೋಷಕರು ಇದಕ್ಕಾಗಿ ಹಣ ತೆರಬೇಕಿಲ್ಲ. ಅದರ ಹುಕ್ಸ್ ಕೋಶದಲ್ಲಿ ಮಾದರಿ ಕಡತಗಳು ಬಂದೇ ಇರುತ್ತವೆ. 'ಪ್ರಿ-ಕಮಿಟ್' ಮಾದರಿಯ ಹೆಸರಿನಿಂದ 'ಸ್ಯಾಂಪಲ್' ಎಂಬ ಬಾಲವನ್ನು ಕತ್ತರಿಸಿದರೆ ಕಾವಲು ಆರಂಭ. ನಂತರ ಕಡತವೊಂದಕ್ಕೆ 'ಪಾವಗಡ' ಎಂದು ಕನ್ನಡ ಲಿಪಿಯಲ್ಲೇ ಹೆಸರಿಟ್ಟು ಸೇರಿಸಲು ಹೋಗಿ. ಕಾವಲುಗಾರ ತಡೆಯುತ್ತಾನೆ! ಏಕೆಂದರೆ ಇಂಗ್ಲಿಷ್ ಅಕ್ಷರಗಳಾಚೆಯ ಹೆಸರುಗಳು ಕೆಲವು ಗಣಕಗಳಲ್ಲಿ ತೊಡಕು ಮಾಡಿಯಾವು ಎಂಬ ಎಚ್ಚರಿಕೆ ಆ ಮಾದರಿಯಲ್ಲಿದೆ. ಅನುಮತಿ ಕೊಡುವ ಬಗೆಯನ್ನೂ ಅಲ್ಲೇ ಬರೆದಿದ್ದಾರೆ. ತಡೆದದ್ದೇಕೆ ಎಂದು ಓದಿ, ಒಪ್ಪಿಗೆಯಾಗದಿದ್ದರೆ ನಿಯಮವನ್ನೇ ತಿದ್ದಿ. ನಿಯಮ ಬರೆದವರೂ ಮನುಷ್ಯರೇ ತಾನೆ?