ಹಳೆಯ ರಾಜಕುಮಾರನ ಮರುಮಾರಾಟ: ಅಚ್ಚು ಯಾರಲ್ಲಿದೆ, ಹಕ್ಕು ಯಾರದು?

ಕುಪ್ಪೇಲೂರಿನಿಂದ ಬಸ್ಸು ಹಿಡಿದು ರಾಣೇಬೆನ್ನೂರಿಗೆ ಬಂದು ಗಣಕಯಂತ್ರ ಕಲಿಯುತ್ತಿದ್ದ 1990ರ ದಶಕದ ದಿನಗಳಲ್ಲಿ, ತರಬೇತಿ ಕೇಂದ್ರದ ಗುರುಗಳು ಚಹಾ ಕುಡಿಯಲು ಹೊರಗೆ ಹೋದೊಡನೆ ನಾವು ಮಾಡುತ್ತಿದ್ದ ಮೊದಲ ಕೆಲಸವೆಂದರೆ ಕಪ್ಪು ಪರದೆಯ ಮೇಲೆ 'ಪ್ರಿನ್ಸ್' ಎಂದು ಟೈಪು ಮಾಡುವುದು. ಜಾಣರು ಅದರ ಮುಂದೆ 'ಮೆಗಾಹಿಟ್' ಎಂಬ ಇನ್ನೊಂದು ಪದವನ್ನೂ ಸೇರಿಸುತ್ತಿದ್ದರು. ಹಾಗೆ ಮಾಡಿದರೆ ಕಷ್ಟದ ಹಂತಗಳನ್ನು ದಾಟಿ ಮುಂದಕ್ಕೆ ಹೋಗಲು ಒಂದು ಕಳ್ಳದಾರಿ ತೆರೆಯುತ್ತಿತ್ತು. ಬಿಳಿಯುಡುಪಿನ ರಾಜಕುಮಾರನೊಬ್ಬ ನೆಲಮಾಳಿಗೆಯಲ್ಲಿ ಓಡುವುದು, ಕಂದಕ ಹಾರುವುದು, ಅಂಚು ಹಿಡಿದು ಜೋತಾಡಿ ಮೇಲೇರುವುದು, ನೆಲದಿಂದ ಏಳುವ ಮೊಳೆಗಳನ್ನು ತಪ್ಪಿಸಿಕೊಳ್ಳುವುದು, ಒಂದು ಗಂಟೆಯೊಳಗೆ ಹನ್ನೆರಡು ಹಂತಗಳನ್ನು ಮುಗಿಸಿ ಮಂತ್ರಿ ಜಾಫರನ ಸೆರೆಯಿಂದ ರಾಜಕುಮಾರಿಯನ್ನು ಬಿಡಿಸುವುದು, ಇಷ್ಟೇ 'ಪ್ರಿನ್ಸ್ ಆಫ್ ಪರ್ಷಿಯಾ' ಎಂಬ ಆ ಆಟದ ಕಥೆ. ಇಂದು ನಾನು ಅದನ್ನು ನೆನೆಯುತ್ತಿರುವುದು ಆಟಕ್ಕಾಗಿ ಅಲ್ಲ. 1989ರಲ್ಲಿ ಮಾರುಕಟ್ಟೆಗೆ ಬಂದ ಒಂದು ಸರಕು ಮೂರು ದಶಕಗಳಿಗೂ ಮೀರಿ ಮತ್ತೆ ಮತ್ತೆ ಹೊಸ ಪೊಟ್ಟಣದಲ್ಲಿ ಮಾರಾಟವಾದ ಬಗೆಯಲ್ಲಿ ವ್ಯಾಪಾರಸ್ಥರೂ ಸಣ್ಣ ಉದ್ದಿಮೆದಾರರೂ ಆದ ನಮಗೆ ಗಮನಿಸತಕ್ಕ ಸಂಗತಿಗಳಿವೆ.

ಈ ಆಟವನ್ನು ರಚಿಸಿದವರು ಅಮೆರಿಕದ ಜೋರ್ಡನ್ ಮೆಕ್ನರ್. ವಿದ್ಯಾರ್ಥಿಯಾಗಿದ್ದಾಗಲೇ ಅವರು ಬರೆದ 'ಕರಾಟೆಕಾ' ಎಂಬ ಆಟವನ್ನು ಬ್ರೋಡರ್‌ಬಂಡ್ ಸಂಸ್ಥೆ 1984ರಲ್ಲಿ ಪ್ರಕಟಿಸಿತ್ತು. ಎರಡನೆಯ ಆಟಕ್ಕೆ ಅವರು ಹೂಡಿದ ಬಂಡವಾಳವನ್ನು ನೋಡಿದರೆ ಅದನ್ನು ಗೃಹೋದ್ಯಮವೆಂದೇ ಕರೆಯಬೇಕು. ತಮ್ಮನಾದ ಡೇವಿಡನಿಗೆ ಬಿಳಿ ಬಟ್ಟೆ ತೊಡಿಸಿ ವಾಹನ ನಿಲುಗಡೆಯ ಬಯಲಿನಲ್ಲಿ ಓಡಿಸಿದರು, ಹಾರಿಸಿದರು. ಅದನ್ನು ವಿಡಿಯೊದಲ್ಲಿ ಸೆರೆಹಿಡಿದು, ಒಂದೊಂದೇ ಚಿತ್ರವನ್ನು ಗೆರೆ ಎಳೆದು ಗಣಕಕ್ಕೆ ಇಳಿಸಿದರು. ಆ ಆಕೃತಿ ಮನುಷ್ಯನಂತೆಯೇ ತೂಗಿ, ಎಡವಿ, ಓಡುತ್ತಿದ್ದುದರ ಗುಟ್ಟು ಇದೇ. ಕತ್ತಿವರಸೆಗೆ 1938ರ ರಾಬಿನ್ ಹುಡ್ ಚಲನಚಿತ್ರದ ದೃಶ್ಯವನ್ನು ಮಾದರಿಯಾಗಿ ಇಟ್ಟುಕೊಂಡರು. ಸಂಗೀತವನ್ನು ತಂದೆ ಫ್ರಾನ್ಸಿಸ್ ಮೆಕ್ನರ್ ಒದಗಿಸಿದರು. ಈ ತಂದೆಯವರು ಲೇಖನದ ಕೊನೆಯ ಭಾಗದಲ್ಲಿ ಮತ್ತೆ ಬರುತ್ತಾರೆ.

ಆ ಕಾಲದ ಆಪಲ್ ಎರಡು ಗಣಕದ ಸ್ಮೃತಿಕೋಶ ಬಹಳ ಕಿರಿದು. ರಾಜಕುಮಾರನ ಚಿತ್ರಗಳೇ ಅದನ್ನು ತುಂಬಿಬಿಟ್ಟಿದ್ದರಿಂದ ಎದುರಾಳಿಯ ಚಿತ್ರಗಳಿಗೆ ಜಾಗವೇ ಇರಲಿಲ್ಲ. ಆಗ ರಾಜಕುಮಾರನದೇ ಚಿತ್ರವನ್ನು ತುಸು ಸರಿಸಿ ಅದರ ಮೇಲೆಯೇ ಹೊಂದಿಸಿದಾಗ ಮಿನುಗುವ ನೆರಳಿನ ಆಕೃತಿಯೊಂದು ಮೂಡಿತು. ಕನ್ನಡಿಯಿಂದ ಹೊರಬಂದು ನಾಯಕನಿಗೆ ತೊಂದರೆ ಕೊಡುವ ನೆರಳುಮನುಷ್ಯ ಹುಟ್ಟಿದ್ದು ಹೀಗೆ. ಆಟದಲ್ಲಿ ಜನ ಇಂದಿಗೂ ನೆನಪಿಟ್ಟುಕೊಂಡಿರುವ ಪಾತ್ರ ಅದೇ. ಕತ್ತರಿಸಿ ಉಳಿದ ತಗಡಿನಿಂದಲೇ ಇನ್ನೊಂದು ಸಾಮಾನು ಮಾಡುವ ನಮ್ಮ ಕಾರ್ಖಾನೆಗಳವರು ಈ ಜಾಣ್ಮೆಯನ್ನು ಬೇಗ ಗುರುತಿಸಬಲ್ಲರು.

ಆದರೆ ಸರಕು ಒಳ್ಳೆಯದಾದ ಮಾತ್ರಕ್ಕೆ ಗಿರಾಕಿ ಬರುವುದಿಲ್ಲವಷ್ಟೆ. ಆಟ ಸಿದ್ಧವಾಗಿ ಬರುವ ಹೊತ್ತಿಗೆ ಆಪಲ್ ಎರಡರ ಕಾಲವೇ ಮುಗಿಯುತ್ತ ಬಂದಿತ್ತು. 1990ರಲ್ಲಿ ಡಾಸ್ ಆವೃತ್ತಿ ಹೊರಬಂದರೂ ಅಮೆರಿಕದ ಮಾರಾಟ ನೀರಸವಾಗಿಯೇ ಇತ್ತು. ಅದನ್ನು ಕೈಹಿಡಿದು ಮೇಲೆತ್ತಿದ್ದು ಹೊರದೇಶಗಳ ಮಾರುಕಟ್ಟೆ, ಅದರಲ್ಲೂ ಜಪಾನು ಮತ್ತು ಯುರೋಪು. 1992ರಲ್ಲಿ ಮ್ಯಾಕಿಂಟಾಷ್ ಆವೃತ್ತಿ ಹೊಸ ಡಬ್ಬಿಯಲ್ಲಿ ಬಂದ ಮೇಲೆ ಅಮೆರಿಕದಲ್ಲೂ ಬೇಡಿಕೆ ಕುದುರಿತು. ಅದೇ ವರ್ಷ ಸೂಪರ್ ನಿಂಟೆಂಡೊ ಯಂತ್ರಕ್ಕೆ ಸಿದ್ಧಪಡಿಸಿದ ಆವೃತ್ತಿಯಲ್ಲಿ ಹಂತಗಳನ್ನು 20ಕ್ಕೆ ಹಿಗ್ಗಿಸಿ, ಆಡುವ ಅವಧಿಯನ್ನು ಎರಡು ಗಂಟೆಗೆ ಏರಿಸಲಾಗಿತ್ತು. ಹಳೆಯ ಸರಕನ್ನು ಹೊಸ ಯಂತ್ರಕ್ಕೆ ಒಯ್ಯುವಾಗ ತೂಕವನ್ನೂ ಸ್ವಲ್ಪ ಹೆಚ್ಚಿಸಿ ಕೊಡುವ ಈ ಕ್ರಮ ಅಂಗಡಿಯವರಿಗೆ ಅಪರಿಚಿತವಲ್ಲ.

ನಾವು ರಾಣೇಬೆನ್ನೂರಿನಲ್ಲಿ ಆಡಿದ ಪ್ರತಿಯಿಂದ ಮಾತ್ರ ಮೆಕ್ನರ್ ಅವರಿಗೆ ಒಂದು ರೂಪಾಯಿಯೂ ಸಲ್ಲಲಿಲ್ಲವೆಂಬುದನ್ನು ಒಪ್ಪಿಕೊಳ್ಳಬೇಕು. ಮೊದಲ ಹಂತ ಮುಗಿದೊಡನೆ ಅಕ್ಷರಗಳನ್ನು ಹೊತ್ತ ಔಷಧಿಯ ಬುಡ್ಡಿಗಳ ಕೋಣೆಯೊಂದು ಬರುತ್ತದೆ. ಆಟದ ಜೊತೆ ಕೊಟ್ಟ ಕೈಪಿಡಿಯ ಇಂಥ ಪುಟದ ಇಂಥ ಪದದ ಮೊದಲಕ್ಷರ ನೋಡಿ ಸರಿಯಾದ ಬುಡ್ಡಿಯನ್ನೇ ಕುಡಿಯಬೇಕು. ಕೈಪಿಡಿ ಇಲ್ಲದವನು ಮುಂದೆ ಹೋಗಲಾರ. ಕಾಗದದ ಪುಸ್ತಕವನ್ನೇ ಬೀಗವಾಗಿಸಿದ ಉಪಾಯವದು. ನಮ್ಮ ಫ್ಲಾಪಿಯಲ್ಲಿ ಆ ಬೀಗವನ್ನು ಯಾರೋ ಮೊದಲೇ ಮುರಿದಿದ್ದರು. ಆ ಬುಡ್ಡಿಗಳ ಅರ್ಥವೇನೆಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ.

ಇನ್ನು ಹಕ್ಕಿನ ವಿಷಯ. ಮೆಕ್ನರ್ ಅವರು ಬ್ರೋಡರ್‌ಬಂಡ್ ಸಂಸ್ಥೆಯ ಸಂಬಳದ ನೌಕರರಾಗಿರಲಿಲ್ಲ. ಪುಸ್ತಕದ ಲೇಖಕನಂತೆ ಗೌರವಧನದ ಕರಾರಿನ ಮೇಲೆ ಕೃತಿಯನ್ನು ಕೊಟ್ಟು, ಮೂಲ ಹಕ್ಕನ್ನು ತಮ್ಮಲ್ಲೇ ಇಟ್ಟುಕೊಂಡಿದ್ದರು. 1998ರಲ್ಲಿ ಬ್ರೋಡರ್‌ಬಂಡ್ ಬೇರೊಂದು ಕಂಪನಿಯ ಪಾಲಾಯಿತು. ಮರುವರ್ಷ ಆ ಕಂಪನಿಯನ್ನೇ ಆಟಿಕೆಗಳ ತಯಾರಕರಾದ ಮ್ಯಾಟೆಲ್ ಕೊಂಡರು. 1999ರಲ್ಲಿ ಬಂದ ಮೂರು ಆಯಾಮದ ಹೊಸ ಆಟ ದೋಷಗಳಿಂದಾಗಿ ಸೋತಿತು. ಪ್ರಕಾಶಕರು ಮುಳುಗಿದರೂ ಹೆಸರು ಮುಳುಗಲಿಲ್ಲ. ಮುಂದೆ ಫ್ರಾನ್ಸಿನ ಯುಬಿಸಾಫ್ಟ್ ಸಂಸ್ಥೆ ಮೆಕ್ನರ್ ಅವರೊಡನೆ ಒಪ್ಪಂದ ಮಾಡಿಕೊಂಡು 2003ರಲ್ಲಿ 'ದಿ ಸ್ಯಾಂಡ್ಸ್ ಆಫ್ ಟೈಮ್' ಹೊರತಂದಿತು. 1989ರ ಆಟವನ್ನು ಅದರೊಳಗೇ ಬಹುಮಾನವಾಗಿ ಅಡಗಿಸಿಡಲಾಗಿತ್ತು. 2007ರಲ್ಲಿ ಹಳೆಯ ಆಟವೇ ಹೊಸ ಬಣ್ಣ ಬಳಿದುಕೊಂಡು 'ಕ್ಲಾಸಿಕ್' ಎಂಬ ಹೆಸರಿನಿಂದ ಎಕ್ಸ್‌ಬಾಕ್ಸ್ 360ಕ್ಕೆ ಬಂದಿತು, ಅನಂತರ ಕೈಫೋನುಗಳಿಗೂ ಇಳಿಯಿತು. 2010ರಲ್ಲಿ ಡಿಸ್ನಿ ಸಂಸ್ಥೆಯ ಚಲನಚಿತ್ರವಾಯಿತು.

ನಮ್ಮ ಭಾಗದ ಬೀಜದ ವ್ಯಾಪಾರಿಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸಂಕರಣ ಬೀಜದ ಪೊಟ್ಟಣವನ್ನು ಎಷ್ಟು ಅಂಗಡಿಗಳಾದರೂ ಮಾರಬಹುದು. ಗಂಡು ಹೆಣ್ಣು ಮೂಲತಳಿಗಳು ಯಾರ ಕೈಯಲ್ಲಿವೆಯೋ ಮುಂದಿನ ಹಂಗಾಮು ಅವರದು.

ಭಾರತದ ಕಾನೂನಿನಲ್ಲಿಯೂ ಇದಕ್ಕೆ ನೆಲೆಯಿದೆ. 1957ರ ಹಕ್ಕುಸ್ವಾಮ್ಯ ಅಧಿನಿಯಮದ ಪ್ರಕಾರ ಗಣಕ ತಂತ್ರಾಂಶವೂ ಸಾಹಿತ್ಯ ಕೃತಿಯೇ. ನೌಕರನು ಕೆಲಸದ ಭಾಗವಾಗಿ ಬರೆದದ್ದು, ಬೇರೆ ಕರಾರಿಲ್ಲದಿದ್ದರೆ, ಒಡೆಯನಿಗೆ ಸೇರುತ್ತದೆ. ಹೊರಗಿನವರಿಂದ ಹಣ ಕೊಟ್ಟು ಬರೆಸಿದ ತಂತ್ರಾಂಶದ ಹಕ್ಕು ಬರೆಹದ ಮೂಲಕ ವರ್ಗಾವಣೆಯಾಗದ ಹೊರತು ಬರೆದವನಲ್ಲೇ ಉಳಿಯುತ್ತದೆ. ವರ್ಗಾವಣೆ ಪತ್ರದಲ್ಲಿ ಅವಧಿಯನ್ನು ನಮೂದಿಸದಿದ್ದರೆ ಅದು ಐದು ವರ್ಷಕ್ಕೆ ಮಾತ್ರ. ಪ್ರದೇಶವನ್ನು ಹೇಳದಿದ್ದರೆ ಭಾರತಕ್ಕೆ ಮಾತ್ರ. ಅಡತಿ ಅಂಗಡಿಯ ಲೆಕ್ಕಕ್ಕೆಂದು ಊರಿನ ಹುಡುಗನಿಂದ ಬಿಲ್ಲಿನ ತಂತ್ರಾಂಶ ಬರೆಸಿಕೊಂಡ ನಮ್ಮಲ್ಲಿ ಎಷ್ಟು ಮಂದಿ ಇಂಥ ಪತ್ರ ಮಾಡಿಸಿಕೊಂಡಿದ್ದೇವೆ?

ಹಕ್ಕನ್ನು ಜೋಪಾನ ಮಾಡಿದ ಮೆಕ್ನರ್, ಅಚ್ಚನ್ನು ಮಾತ್ರ ಕಳೆದುಕೊಂಡಿದ್ದರು. ಆಪಲ್ ಎರಡಕ್ಕೆ ಅವರು ಬರೆದ ಮೂಲ ಸಂಕೇತಗಳ ಫ್ಲಾಪಿಗಳು ಎಲ್ಲಿಟ್ಟವೆಂದು ತಿಳಿಯದೆ ಹೋಗಿದ್ದವು. ವರ್ಷಗಟ್ಟಲೆ ಹುಡುಕಿ ಅವರು ಆಸೆ ಬಿಟ್ಟಿದ್ದರು. 2012ರಲ್ಲಿ ತಂದೆ ಫ್ರಾನ್ಸಿಸ್ ಮನೆಯನ್ನು ಒಪ್ಪಮಾಡುವಾಗ ಸಿಕ್ಕ ಪೆಟ್ಟಿಗೆಯೊಂದನ್ನು ಮಗನಿಗೆ ಕಳುಹಿಸಿಕೊಟ್ಟರು. ಅದರೊಳಗೆ ಆ ಫ್ಲಾಪಿಗಳಿದ್ದವು. ಕಾಂತದ ಲೇಪ ಇಪ್ಪತ್ತು ವರ್ಷ ದಾಟಿದ ಮೇಲೆ ಓದಲು ಸಿಗುವುದೇ ಅನುಮಾನ. ಜೇಸನ್ ಸ್ಕಾಟ್ ಮತ್ತು ಟೋನಿ ಡಯಾಜ್ ಎಂಬ ಪರಿಣತರು ಏಪ್ರಿಲ್ ತಿಂಗಳಲ್ಲಿ ಜೊತೆಗೆ ಕುಳಿತು ಅವನ್ನು ಓದಿಸಿದರು. ಮೆಕ್ನರ್ ಅದನ್ನು ಮಾರಲಿಲ್ಲ, ಯಾರು ಬೇಕಾದರೂ ನೋಡಲೆಂದು ಅಂತರ್ಜಾಲದಲ್ಲಿ ಇರಿಸಿದರು. ಲೆಕ್ಕದ ಪುಸ್ತಕದಲ್ಲಿ ಇದು ಲಾಭವಲ್ಲ. ಆದರೂ ಅವರ ಇಡೀ ಕಥೆಯಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಈ ಪೆಟ್ಟಿಗೆಯೇ.

ಅದಕ್ಕೆ ಕಾರಣವಿದೆ. ನಮ್ಮ ತಂದೆಯವರು ಕುಪ್ಪೇಲೂರಿನಲ್ಲಿ ಕೂರಿಗೆಯ ಬಿಡಿಭಾಗಗಳನ್ನು ತಯಾರಿಸುತ್ತಿದ್ದರು. ತಾಳುಗಳ ಮರದ ಅಚ್ಚುಗಳನ್ನು ತಾವೇ ಕೆತ್ತಿಸಿ, ಎರಕಕ್ಕೆಂದು ಬೇರೊಂದು ಊರಿನ ಕಾರ್ಖಾನೆಗೆ ಕೊಟ್ಟಿದ್ದರು. ಅದಕ್ಕೆ ರಸೀದಿಯೂ ಇರಲಿಲ್ಲ, ಅಚ್ಚಿನ ಮೇಲೆ ಗುರುತೂ ಇರಲಿಲ್ಲ. ಆ ಕಾರ್ಖಾನೆ ಮುಚ್ಚಿತು. ಎಷ್ಟೋ ವರ್ಷಗಳ ಮೇಲೆ ಗಿರಾಕಿಯೊಬ್ಬರು ಅದೇ ತಾಳು ಬೇಕೆಂದು, ದರದ ಮಾತನ್ನೂ ಆಡದೆ, ಮುಂಗಡ ಹಿಡಿದು ಬಂದರು. ತಂದೆಯವರು ಸವೆದ ಹಳೆಯ ತಾಳೊಂದನ್ನು ಅಳತೆ ಮಾಡಿ ಹೊಸ ಅಚ್ಚು ಮಾಡಿಸಿದರು. ಸವೆದದ್ದರ ಅಳತೆ ಸವೆದ ಅಳತೆಯೇ. ಬೀಜ ಸಮನಾಗಿ ಬೀಳಲಿಲ್ಲ, ಸರಕು ಮರಳಿ ಬಂತು.

ಅಚ್ಚು, ಹಕ್ಕು, ಹೆಸರು ಮೂರೂ ಕೈಯಲ್ಲಿದ್ದರೂ ಮರುತಯಾರಿಕೆ ಸುಲಭವಲ್ಲವೆಂಬುದಕ್ಕೆ ನೆರೆಯ ಮಹಾರಾಷ್ಟ್ರದಲ್ಲೇ ಸಾಕ್ಷಿಯುಂಟು. 'ದಿ ಸ್ಯಾಂಡ್ಸ್ ಆಫ್ ಟೈಮ್' ಆಟವನ್ನು ಹೊಸದಾಗಿ ಕಟ್ಟುವ ಹೊಣೆಯನ್ನು ಯುಬಿಸಾಫ್ಟ್ ತನ್ನ ಪುಣೆ ಮತ್ತು ಮುಂಬಯಿ ಶಾಖೆಗಳಿಗೆ ಒಪ್ಪಿಸಿ, 2020ರ ಸೆಪ್ಟೆಂಬರಿನಲ್ಲಿ ಅದನ್ನು ಪ್ರಕಟಿಸಿತು. 2021ರ ಜನವರಿಗೆ ಬರಬೇಕಾಗಿದ್ದ ಆಟದ ಮೊದಲ ದೃಶ್ಯಗಳು ಹಳೆಯ ಅಭಿಮಾನಿಗಳಿಗೆ ರುಚಿಸಲಿಲ್ಲ. ದಿನಾಂಕ ಮುಂದೆ ಹೋಯಿತು; 2022ರಲ್ಲಿ ಕೆಲಸವೇ ಕೆನಡಾದ ಮಾಂಟ್ರಿಯಲ್ ಶಾಖೆಗೆ ಹೋಯಿತು; 2026ರ ಜನವರಿಯಲ್ಲಿ ಸಂಸ್ಥೆ ಅದನ್ನು ಕೈಬಿಟ್ಟಿತು. ಪುಣೆಯವರನ್ನು ಹಳಿಯುವುದು ನ್ಯಾಯವಲ್ಲವೆಂದು ನನ್ನ ಅಭಿಪ್ರಾಯ. ಮೂಲ ತಯಾರಕರಾದ ಮಾಂಟ್ರಿಯಲ್‌ನವರ ಕೈಯಲ್ಲೂ ಅದು ಮುಗಿಯಲಿಲ್ಲ. ನೆನಪಿನಲ್ಲಿರುವ ಸರಕಿನೊಡನೆ ಸ್ಪರ್ಧಿಸುವುದು ಅಂಗಡಿಯಲ್ಲಿರುವ ಸರಕಿನೊಡನೆ ಸ್ಪರ್ಧಿಸುವುದಕ್ಕಿಂತ ಕಷ್ಟ. ಇದೇ ನಡುವೆ 2024ರ ಜನವರಿಯಲ್ಲಿ ಫ್ರಾನ್ಸಿನ ಶಾಖೆಯವರು, ಹಳೆಯದನ್ನು ನಕಲು ಮಾಡದೆ, ಪಕ್ಕದಿಂದ ನೋಡುವ ಓಟ ಜಿಗಿತಗಳ ಹಳೆಯ ಧಾಟಿಯಲ್ಲೇ 'ದಿ ಲಾಸ್ಟ್ ಕ್ರೌನ್' ಎಂಬ ಹೊಸ ಆಟವನ್ನು ತಂದು ವಿಮರ್ಶಕರ ಮೆಚ್ಚುಗೆ ಪಡೆದರು.

ನಮ್ಮ ಕಾರ್ಖಾನೆಯಲ್ಲಿ ಈಗ ಪ್ರತಿಯೊಂದು ಅಚ್ಚಿನ ಮೇಲೂ ಕೆಂಪು ಬಣ್ಣದಲ್ಲಿ ಸಂಖ್ಯೆ ಬರೆದಿದೆ. ಎರಕಕ್ಕೆ ಹೋದದ್ದಕ್ಕೆ ವಹಿಯಲ್ಲಿ ಸಹಿ ಇದೆ. ತಂದೆಯವರ ಕಾಲದ ತಾಳಿನ ಅಚ್ಚು ಮಾತ್ರ ಇನ್ನೂ ಸಿಕ್ಕಿಲ್ಲ. ಆ ಮುಚ್ಚಿದ ಕಾರ್ಖಾನೆಯ ಸಾಮಾನು ಕೊಂಡ ಗುಜರಿಯವರ ವಿಳಾಸ ಕಳೆದ ತಿಂಗಳು ದೊರೆತಿದೆ.