ಗಿಟಾರಿಗೂ ಗಿಲೀಟು

ಹಾಲುಬಿಳಿ ಗಿಟಾರು, ಬಿರಡೆಯಿಂದ ಬ್ರಿಡ್ಜ್‌ವರೆಗೂ ಚಿನ್ನ. ಹೆಸರು ಗ್ರೆಚ್ ವೈಟ್ ಫಾಲ್ಕನ್. 1954ರಲ್ಲಿ ಅಮೆರಿಕದ ಮೇಳವೊಂದರಲ್ಲಿ ತೋರಿಸಲೆಂದೇ ಮಾಡಿಸಿದ್ದು, ಆಮೇಲೆ ಮಾರಾಟಕ್ಕೂ ಬಂತು. ಸಿಂಥಸೈಜರ್‌ನಿಂದಲೇ ಹೆಸರಾದ ಇಂಗ್ಲೆಂಡಿನ ಡೆಪೆಷ್ ಮೋಡ್ ಬ್ಯಾಂಡಿನ ಮಾರ್ಟಿನ್ ಗೋರ್ ಇದನ್ನು ನುಡಿಸಿದವರು.

ನಾನೀಗ ನಿಂತಿರೋದು ಚಿನ್ನದ ಗಣಿಗಳ ಊರು ಕೆಜಿಎಫ್‌ನ ಕೋರಮಂಡಲ್‌ನಲ್ಲಿ. ಹಿಂದೆ ಕಾಣ್ತಿರೋದು ಸಯನೈಡ್ ದಿಬ್ಬ, ಅಂದರೆ ಅದಿರಿನಿಂದ ಚಿನ್ನ ತೆಗೆದ ಮೇಲೆ ಉಳಿದ ಪುಡಿಯ ರಾಶಿ. ಇಲ್ಲಿ ಯಾರಿಗೆ ಈ ಗಿಟಾರಿನ ಫೋಟೊ ತೋರಿಸಿದರೂ ಬರೋ ಪ್ರಶ್ನೆ ಒಂದೇ: ‘ಎಷ್ಟು ಗ್ರಾಂ ಇದೆ?’

ಬರೀ ಗಿಲೀಟು ಸ್ವಾಮಿ! ಚಿನ್ನದ ದ್ರಾವಣದಲ್ಲಿ ಮುಳುಗಿಸಿ ಕರೆಂಟ್ ಹರಿಸ್ತಾರೆ. ಕೂದಲಿಗಿಂತ ಎಷ್ಟೋ ಪಟ್ಟು ತೆಳುವಾದ ಪದರ ಅಂಟುತ್ತೆ. ಬೆವರಿದ ಅಂಗೈ ಊರೋ ಬ್ರಿಡ್ಜ್ ಮೇಲೆ ಅದು ಬೇಗ ಸವೆದು, ಒಳಗಿನ ಬೆಳ್ಳಗಿನ ನಿಕ್ಕಲ್ ಇಣುಕುತ್ತೆ. ನಾದಕ್ಕೆ ಇದರಿಂದ ಮೂರು ಕಾಸಿನ ಲಾಭ ಇಲ್ಲ. ತಂತಿಯ ಕಂಪನ ಹಿಡಿಯೋದು ಪಿಕಪ್‌ನ ಅಯಸ್ಕಾಂತ ಮತ್ತು ತಾಮ್ರದ ಸುರುಳಿ. ಚಿನ್ನಕ್ಕೆ ನಿಜವಾದ ಕೆಲಸ ಕೇಬಲ್ ಚುಚ್ಚೋ ಜ್ಯಾಕ್‌ನಲ್ಲಿ: ಕಿಲುಬು ಹಿಡಿಯಲ್ಲ, ಕರಕರ ಸದ್ದು ಕಮ್ಮಿ.

ಆ 1954ರಲ್ಲಿ ಇಲ್ಲಿನ ಗಣಿಗಳು ಇನ್ನೂ ಬ್ರಿಟಿಷ್ ಕಂಪನಿಯ ಕೈಲಿದ್ದವು. ಮುಚ್ಚಿದ್ದು 2001ರ ಫೆಬ್ರವರಿ 28ಕ್ಕೆ. ಕೊನೆಕೊನೆಗೆ ಒಂದು ಟನ್ ಅದಿರು ಪುಡಿಮಾಡಿದರೆ ಸಿಗ್ತಿದ್ದದ್ದು ಮೂರ್ನಾಲ್ಕು ಗ್ರಾಂ. ಅಷ್ಟರಲ್ಲಿ ಎಷ್ಟು ಗಿಟಾರಿಗೆ ಗಿಲೀಟು ಹಾಕಬಹುದು? ಲೆಕ್ಕ ಬೇಕಿದ್ದರೆ ಬಂಗಾರಪೇಟೆಯ ಯಾವ ಅಕ್ಕಸಾಲಿಗರನ್ನಾದರೂ ಕೇಳಿ.